ದರ್ಜಿ ಗೊಂಬೆಯ ಬಲಗೈ

“ಬೇಕಾದ್ರೆ ತಗೊಂಡು ಹೋಗಪ್ಪಾ. ಆದ್ರೆ ಅದಕ್ಕೆ ಇನ್ನೊಂದು ಕೈ ಮಾತ್ರ ಕೂರಿಸ್ಬೇಡ.”

ಗೊಂಬೆ ರಿಪೇರಿಯ ಮುದುಕಿ ಇಷ್ಟು ಹೇಳಿ ಕೆಮ್ಮಿದಳು. ನಡುಮಧ್ಯಾಹ್ನವಾದರೂ ಅಂಗಡಿಯೊಳಗೆ ಕತ್ತಲೆ. ಉದ್ದನೆಯ ಕೋಣೆ, ಕಿಟಕಿಯಿಲ್ಲ. ಹಳೇ ಪ್ಲಾಸ್ಟಿಕ್ಕಿನ ಹಳಸಿದ ಸಿಹಿ ವಾಸನೆ, ಅಂಟಿನ ಘಾಟು, ಇಲಿ ಹಿಕ್ಕೆಯ ನಾತ ಎಲ್ಲ ಸೇರಿ ಗಂಟಲಿಗೆ ಮೆತ್ತಿಕೊಳ್ಳುತ್ತಿತ್ತು. ಬುಟ್ಟಿಯೊಂದರಲ್ಲಿ ತಲೆಗಳು, ಇನ್ನೊಂದರಲ್ಲಿ ಕಾಲುಗಳು, ಗಾಜಿನ ಭರಣಿಯ ತುಂಬ ಬರೀ ಕಣ್ಣುಗಳು. ಅಂಗಡಿ ಮುಚ್ಚುತ್ತಾಳೆಂಬ ಸುದ್ದಿ ಸಿಕ್ಕಿದ್ದೇ ತಡ, ನಮ್ಮ ಹಲ್ಲಿನವನು ಊಟ ಬಿಟ್ಟು ಓಡಿ ಬಂದಿದ್ದ.

ಹಲ್ಲಿನವನು ಅಂದರೆ ಡಾಕ್ಟರಲ್ಲ. ಡಾಕ್ಟರುಗಳು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡಿ ಕೊಡುವವನು. ಅವನ ಕೈಯಲ್ಲಿ ಈಗ ಇದ್ದದ್ದು ಬೆರಳುದ್ದದ ಒಂದು ದರ್ಜಿ ಗೊಂಬೆ. ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ, ಎಡಗೈಯಲ್ಲಿ ಮಡಿಸಿದ ಬಟ್ಟೆ. ಕತ್ತರಿ ಹಿಡಿದಿರಬೇಕಾದ ಬಲಗೈ ಭುಜದಿಂದಲೇ ಇಲ್ಲ. ಅಲ್ಲಿ ಒಂದು ದುಂಡು ತೂತು. ತೂತಿನೊಳಗೆ ಕೂದಲಿನ ಉಂಡೆಯಂಥದ್ದೇನೋ ಕಪ್ಪಗೆ ಕಾಣುತ್ತಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಮುಖಕ್ಕೆಲ್ಲ ಬಣ್ಣ ಬಳಿದವರು ಕಣ್ಣುಗಳನ್ನು ಮಾತ್ರ ಬರೆದಿರಲಿಲ್ಲ. ಬೇರೆಯವರಾದರೆ ಅದನ್ನು ನೋಡಿ ಹೆದರುತ್ತಿದ್ದರು. ಹಲ್ಲಿನವನಿಗೆ ಬಾಯಲ್ಲಿ ನೀರೂರಿತು. ಕಾರ್ಖಾನೆಯಲ್ಲಿ ತಪ್ಪಾಗಿ ಹೊರಬಿದ್ದ ಗೊಂಬೆಗೇ ಸಂಗ್ರಹಕಾರರು ಹೆಚ್ಚು ಪ್ರಾಣ ಬಿಡುವುದು.

“ಯಾಕಜ್ಜೀ, ಕೈ ಕೂರಿಸಿದ್ರೆ ಏನಾಗುತ್ತೆ?”

ಮುದುಕಿ ಶಾಲಿನೊಳಗಿಂದ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಅದು ದೊಪ್ಪೆಂದು ಬಿತ್ತು. ಬಣ್ಣವಿಲ್ಲ, ಚಲನೆಯಿಲ್ಲ.

“ನಾನು, ನನ್ನ ತಂಗಿ ಕಾರ್ಖಾನೇಲಿ ಒಂದೇ ಬೆಂಚಲ್ಲಿ ಕೂತು ಗೊಂಬೆಗಳಿಗೆ ಕಣ್ಣು ಬರೀತಿದ್ವಿ. ಎಲ್ಲಾರೂ ನನ್ನ ಕೈನೇ ಹೊಗಳೋರು. ಅವಳಿಗೆ ತಡ್ಕೊಳಕ್ಕಾಗ್ಲಿಲ್ಲ. ಮಾಟ ಮಾಡ್ಸಿ ಇದರ ಹೊಟ್ಟೆಗೆ ಏನೇನೋ ತುಂಬಿಸಿದ್ಲು. ಇದಕ್ಕೆ ಸ್ವಂತ ಕಣ್ಣಿಲ್ಲ. ಇಟ್ಕೊಂಡೋನ ಕಣ್ಣಲ್ಲಿ ನೋಡುತ್ತೆ. ಅವನ ಕಣ್ಣು ಯಾವುದನ್ನ ಕಂಡು ಉರಿಯುತ್ತೋ ಅದನ್ನ ಕತ್ತರಿಸುತ್ತೆ. ನನ್ನ ಬಲಗೈ ಹೋದ್ಮೇಲೆ ಉಳಿದ ಎಡಗೈಲೇ ನಾನು ಇದರ ಕೈ ಕಿತ್ತು ಹಾಕಿದೆ. ಕೈ ಇಲ್ದಿದ್ರೆ ಇದು ಬರೀ ಗೊಂಬೆ.”

“ಸುಟ್ಟು ಹಾಕೋದಲ್ವಾ ಮತ್ತೆ?”

“ಸುಟ್ರೆ ಒಳಗಿರೋದು ಹೊಗೆಯಾಗಿ ಹೋಗಿ ಯಾರನ್ನ ಹಿಡ್ಕೊಳ್ಳುತ್ತೋ, ಬಲ್ಲೋರ್ಯಾರು?”

ಹಲ್ಲಿನವನು ಹೊಟ್ಟೆ ಕುಣಿಸಿ ನಕ್ಕ. “ಅಜ್ಜೀ, ಬೊಚ್ಚುಬಾಯಿಗಳಿಗೆ ಹಲ್ಲು ಕೂರಿಸೋದೇ ನನ್ನ ಕೆಲಸ. ಇವನಿಗೊಂದು ಕೈ ಕೂರಿಸಿದ್ರೆ ನನಗೆ ಪ್ಯಾಂಟು ಹೊಲಿದು ಕೊಡ್ತಾನೆ ಅಂತೀರಾ?”

ಮುದುಕಿ ನಗಲಿಲ್ಲ. ಅವನು ಗೊಂಬೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿ ಬಿಸಿಲಿಗೆ ಬಂದ. ಎದೆಯಲ್ಲಿ ಡೋಲು ಬಾರಿಸುತ್ತಿತ್ತು. ಅದಕ್ಕೆ ಕಾರಣ ಗೊಂಬೆಯಲ್ಲ, ಅವನ ಷಡ್ಡಕ.

ಈ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಗಡಿಯಾರ ರಿಪೇರಿಯವನು. ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದುಕೊಂಡು ನೆಮ್ಮದಿಯಾಗಿರಬಹುದಿತ್ತು. ಮಾವನ ಮನೆಯಲ್ಲಿ ಮೊದಲ ಮಣೆ ಅವನಿಗೆ, ಮೊದಲ ಲೋಟ ಅವನಿಗೆ, ನಲ್ಲಿ ಸೋರಿದರೂ ಕರೆ ಹೋಗುವುದು ಅವನಿಗೆ. “ಭಾವನ ಕೈಗುಣಾನೇ ಬೇರೆ ಬಿಡಿ” ಎಂದು ಸ್ವಂತ ಹೆಂಡತಿಯೇ ದಿನಕ್ಕೊಮ್ಮೆ ಅನ್ನುತ್ತಿದ್ದಳು. ಷಡ್ಡಕ ಹಳೇ ಪ್ಲಾಸ್ಟಿಕ್ ಗೊಂಬೆ ಕೂಡಿಡಲು ಶುರುಮಾಡಿದಾಗ, ಹಲ್ಲಿನವನೂ ಶುರುಮಾಡಿದ. ಗೊಂಬೆಯ ಆಸೆಯಿಂದಲ್ಲ. ಒಂದೇ ಒಂದು ಸಲ, ಬದುಕಿನಲ್ಲಿ ಒಂದೇ ಸಲ, ಷಡ್ಡಕ ತನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳಬೇಕು. ಅಷ್ಟೇ ಅವನಿಗೆ ಬೇಕಿದ್ದದ್ದು.

ಅವನ ಬಳಿಯೂ ಗೊಂಬೆಗಳಿದ್ದವು. ಡಬ್ಬಿಯನ್ನೇ ಬಿಚ್ಚದ ಹೊಸ ರೋಬೋಟುಗಳು, ಹಳದಿಗೆ ತಿರುಗಿದ ಹಳೇ ಸಿಪಾಯಿಗಳು. ಆದರೆ ಷಡ್ಡಕನ ಬಳಿ ಕಸುಬಿನವರ ಸೆಟ್ ಇತ್ತು. ಬಡಗಿ, ಕಮ್ಮಾರ, ಅಂಚೆಯವನು, ನರ್ಸಮ್ಮ ಹೀಗೆ ಒಟ್ಟು ಹನ್ನೆರಡರ ಸೆಟ್ಟಿನಲ್ಲಿ ಹನ್ನೊಂದು. ಹನ್ನೆರಡನೆಯ ದರ್ಜಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಷಡ್ಡಕ ತನ್ನ ಗಾಜಿನ ಕಪಾಟಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಕಾಯುತ್ತಿದ್ದ. ಆ ದರ್ಜಿ ಈಗ ಹಲ್ಲಿನವನ ಜೇಬಿನಲ್ಲಿದ್ದ. ಆದರೆ ಕೈಯಿಲ್ಲದ ಗೊಂಬೆಯನ್ನು ತೋರಿಸಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆಯೇ? ‘ಅಯ್ಯೋ ಪಾಪ’ ಅನ್ನುತ್ತಾರೆ. ಮುಂದಿನ ಹಲ್ಲುದುರಿದ ವರ ಎಷ್ಟು ಶ್ರೀಮಂತನಾದರೇನು, ನಗುವ ಹಾಗಿಲ್ಲ.

ಅದೇ ಸಂಜೆ ಷಡ್ಡಕನ ಮನೆಗೆ ಹೋಗಿ, ಏನೂ ಅರಿಯದವನಂತೆ ಸೆಟ್ಟಿನ ಮೂಲ ಡಬ್ಬಿ ನೋಡಬೇಕೆಂದ. ಡಬ್ಬಿಯ ಮೇಲೆ ಹನ್ನೆರಡೂ ಗೊಂಬೆಗಳ ಚಿತ್ರವಿತ್ತು. ಷಡ್ಡಕ ತಾನೇ ಭೂತಗನ್ನಡಿ ಹಿಡಿದು ತೋರಿಸಿದ. “ನೋಡ್ಕೋ ತಮ್ಮಾ, ಎಷ್ಟು ಹೊತ್ತಾದ್ರೂ ನೋಡ್ಕೋ” ಎಂದು ಟೀ ಬೇರೆ ತರಿಸಿದ. ಹಲ್ಲಿನವನು ದರ್ಜಿಯ ಬಲಗೈಯನ್ನು ಕಣ್ಣಲ್ಲೇ ಅಳೆದುಕೊಂಡು ಬಂದ.

ಮೇಣದಲ್ಲಿ ಕೈ ಕೆತ್ತಿದ. ಅಚ್ಚು ಮಾಡಿದ. ಹಲ್ಲುಸೆಟ್ಟು ಮಾಡುವ ಪುಡಿ, ವಸಡಿನ ಬಣ್ಣ, ಒಂದು ಚಿಟಿಕೆ ಚಹಾಪುಡಿಯ ಕಷಾಯ ಬೆರೆಸಿ, ಮುಪ್ಪಾದ ಪ್ಲಾಸ್ಟಿಕ್ಕಿನ ಅದೇ ಹಳದಿ ಬರಿಸಿದ. ಕತ್ತರಿಯ ಅಲಗು ಅಕ್ಕಿಕಾಳಿನಷ್ಟು. ಉಗುರು ಎಳ್ಳಿನ ಸಿಪ್ಪೆಯಷ್ಟು. ಕೈ ಸಿದ್ಧವಾದಾಗ ಅವನಿಗೇ ತನ್ನ ಮೇಲೆ ಮುದ್ದು ಬಂತು. ಹೊರಗೆ ಮೋಡ ಕವಿದಿತ್ತು. ಮನೆಯಲ್ಲಿ ಕರೆಂಟಿರಲಿಲ್ಲ. ಕಿಟಕಿಯ ಬೂದು ಬೆಳಕಿನಲ್ಲಿ ಕೈಯನ್ನು ಭುಜದ ತೂತಿಗಿಟ್ಟು ಒತ್ತಿದ.

ಟಕ್.

ಒತ್ತಿದ್ದು ಅರ್ಧ. ಉಳಿದರ್ಧವನ್ನು ಒಳಗಿನಿಂದ ಯಾರೋ ಎಳೆದುಕೊಂಡಂತಾಯಿತು. ಕೂದಲು ಸುಟ್ಟ ನಾತ ಕೋಣೆಯ ತುಂಬ ಹರಡಿತು. ಕರೆಂಟು ಹೋಗುವ ಮೊದಲು ಓಡಿಸಿದ್ದ ಪಾಲಿಶ್ ಯಂತ್ರ ಇನ್ನೂ ಬಿಸಿಯಿರಬೇಕೆಂದು ಮುಟ್ಟಿ ನೋಡಿದ. ತಣ್ಣಗಿತ್ತು.

ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದ. ಇಡೀ ಪ್ರಪಂಚದಲ್ಲಿ ತನ್ನೊಬ್ಬನ ಬಳಿಯೇ ಇರುವ ಗೊಂಬೆ. ಸಂತೋಷಪಡಬೇಕಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಸಂತೋಷ ಪಡಲು ಪುರುಸೊತ್ತೆಲ್ಲಿ? ಅವನ ಕಣ್ಣಿಗೆ ಕಟ್ಟಿದ್ದು ಷಡ್ಡಕನ ಕಪಾಟಿನ ಹನ್ನೊಂದು. ನನ್ನದು ಒಂದು, ಅವನದು ಹನ್ನೊಂದು. ಒಂದೊಂದೂ ಮುಕ್ಕಾಗದ್ದು. ಎದೆಯಿಂದ ಗಂಟಲವರೆಗೆ ಹುಳಿ ಏರಿತು.

ಕಚ್.

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತೆಂದುಕೊಂಡ.

ಮರುದಿನ ಬೆಳಿಗ್ಗೆ ಹೆಂಡತಿ ಫೋನು ಹಿಡಿದೇ ಬಂದಳು. “ರೀ, ಭಾವನ ಗೊಂಬೆಗಳದ್ದು ಅಷ್ಟರದ್ದೂ ಬಲಗೈ ಉದುರಿದೆಯಂತೆ! ಕಪಾಟಿಗೆ ಹಾಕಿದ ಬೀಗ ಹಾಗೇ ಇದೆಯಂತೆ.”

ಅವನ ಎದೆ ಧಸಕ್ಕೆಂದಿತು. ಹಿಂದೆಯೇ, ಹೇಳಲು ನಾಚಿಕೆ, ಹಾಲು ಕುಡಿದಷ್ಟು ಖುಷಿಯೂ ಆಯಿತು. ಹಳೇ ಪ್ಲಾಸ್ಟಿಕ್ಕು, ಸೆಕೆಗೆ ಬಿರುಕು ಬಿಟ್ಟಿರುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹನ್ನೊಂದಕ್ಕೂ ಒಟ್ಟಿಗೆ, ಬಲಗೈಯೇ ಯಾಕೆ ಎಂದು ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ದರ್ಜಿಯನ್ನು ಜೇಬಿಗೆ ಹಾಕಿಕೊಂಡು ಸಂಜೆ ಷಡ್ಡಕನ ಮನೆಗೆ ನಡೆದ.

ಷಡ್ಡಕ ಅಳುತ್ತಾ ಕೂತಿರಲಿಲ್ಲ. ಮೇಜಿನ ದೀಪದಡಿ, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಚಿಮುಟದಲ್ಲಿ ಪುಟ್ಟ ಕೈಗಳನ್ನು ಹಿಡಿದು ಒಂದೊಂದಾಗಿ ಅಂಟಿಸುತ್ತಿದ್ದ. ಕೋಣೆಯ ತುಂಬ ಗಡಿಯಾರಗಳ ಟಿಕ್ ಟಿಕ್. ಅವನ ಬಾಯಲ್ಲಿ ಯಾವುದೋ ರಾಗ.

ಹಲ್ಲಿನವನು ಕರ್ಚೀಫು ಬಿಚ್ಚಿ ದರ್ಜಿಯನ್ನು ದೀಪದಡಿ ನಿಲ್ಲಿಸಿದ. ಷಡ್ಡಕನ ಮುಖವನ್ನೇ ನೋಡಿದ. ಈಗ ಕಪ್ಪಿಡುತ್ತದೆ, ಈಗ.

ಷಡ್ಡಕನ ಕಣ್ಣು ತುಂಬಿ ಬಂತು. “ಸಿಕ್ಕಿದ್ನಾ! ಕೊನೆಗೂ ಸಿಕ್ಕಿದ್ನಾ! ಲೇ ಇವಳೇ, ಬಾ ಇಲ್ಲಿ, ಇವನು ದರ್ಜೀನ ಹಿಡ್ಕೊಂಡು ಬಂದಿದ್ದಾನೆ ನೋಡು!” ಎದ್ದು ಬಂದು ತಬ್ಬಿಕೊಂಡ. “ನನಗೇ ಸಿಕ್ಕಷ್ಟು ಖುಷಿ ಆಯ್ತು ಕಣೋ. ನಿನ್ನ ಹತ್ರ ಇದ್ರೇನು, ನನ್ನ ಹತ್ರ ಇದ್ರೇನು!”

ಹಲ್ಲಿನವನು ಕಟ್ಟಿಗೆಯಂತೆ ನಿಂತಿದ್ದ. ಇಷ್ಟು ಮಾಡಿ, ಇಷ್ಟೆಲ್ಲ ಮಾಡಿ, ಬಂದದ್ದು ಅಪ್ಪುಗೆ. ಷಡ್ಡಕ ಮತ್ತೆ ಕೂತು ಗೊಂಬೆಯ ಭುಜವನ್ನು ಗಾಜಿನಲ್ಲಿ ನೋಡಿದ.

“ಈ ಕೈ ನೀನೇ ಮಾಡಿದ್ದಾ? ಭಲೇ. ನಾನಾಗಿದ್ರೆ ಈ ಹೆಬ್ಬೆರಳನ್ನ ಒಂಚೂರು ಒಳಗೆ ಬಾಗಿಸ್ತಿದ್ದೆ. ಹೀಗೆ, ನೋಡು.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಷಡ್ಡಕ ಬಲಗೈಯಲ್ಲಿ ಚಿಮುಟ ಹಿಡಿದು ತೋರಿಸುತ್ತಿದ್ದ. ಹಲ್ಲಿನವನ ನೋಟ ಆ ಕೈಗೆ ಅಂಟಿತು. ಒಂದಿಷ್ಟೂ ನಡುಗದ ಕೈ. ಮಾವನ ಮನೆಯ ನಲ್ಲಿ ರಿಪೇರಿ ಮಾಡಿದ ಕೈ. ಹೆಂಡತಿ ಹೊಗಳುವ ಕೈ. ಈ ಕೈಯೊಂದಿಲ್ಲದಿದ್ದರೆ ಇವನು ಯಾರು?

ದೀಪ ಮಂಕಾಯಿತು. ಗಡಿಯಾರಗಳ ಸದ್ದು ನಿಂತಿತು. ಎಲ್ಲವೂ ಒಟ್ಟಿಗೆ. ಕೂದಲು ಸುಟ್ಟ ನಾತ. ಗೊಂಬೆಯ ತಲೆ ಷಡ್ಡಕನ ಕಡೆ ತಿರುಗಿತ್ತು. ತಿರುಗುವುದನ್ನು ಹಲ್ಲಿನವನು ನೋಡಲಿಲ್ಲ. ತಿರುಗಿತ್ತು ಅಷ್ಟೇ.

ಕಚ್.

ಚಿಮುಟ ನೆಲಕ್ಕೆ ಬಿತ್ತು. ಷಡ್ಡಕ ಅದನ್ನು ಎತ್ತಿಕೊಳ್ಳಲು ಬಾಗಿದ. ಕೈ ಬಾಗಲಿಲ್ಲ. ಭುಜದಿಂದ ಜೋತಾಡಿತು, ಒಣಹಾಕಿದ ಅಂಗಿಯ ತೋಳಿನ ಹಾಗೆ.

“ತಮ್ಮಾ” ಎಂದ ಷಡ್ಡಕ, ಮೆಲ್ಲಗೆ. “ನನ್ನ ಕೈ ಎಲ್ಲೋ?”

ಡಾಕ್ಟರುಗಳು ಸೂಜಿ ಚುಚ್ಚಿದರು, ಫೋಟೋ ತೆಗೆದರು, ತಲೆ ಕೆರೆದುಕೊಂಡರು. ಮೂಳೆ ಸರಿಯಿದೆ, ನರ ಸರಿಯಿದೆ, ರಕ್ತ ಓಡುತ್ತಿದೆ. ಕೈ ಮಾತ್ರ ಇದ್ದೂ ಇಲ್ಲ. “ಯಾರ ಕಣ್ಣು ಬಿತ್ತೋ ಭಾವನ ಮೇಲೆ” ಎಂದಳು ಹೆಂಡತಿ, ಪಾತ್ರೆ ತೊಳೆಯುತ್ತಾ. “ಅದಕ್ಕೆ ನನ್ನನ್ಯಾಕೆ ನೋಡ್ತೀಯಾ?” ಎಂದು ಅವನು ಸಿಡುಕಿದ. ಅವಳು ಅವನ ಕಡೆ ತಿರುಗಿಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮತ್ತೆ ಮುದುಕಿಯ ಅಂಗಡಿಗೆ ಓಡಿದ. ಬುಟ್ಟಿಗಳೆಲ್ಲ ಹೋಗಿದ್ದವು. ಬರಿದಾದ ಕತ್ತಲೆಯ ಬಾಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೂತಿದ್ದಳು. ಅವನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

“ಕೂರಿಸಿದ್ಯಾ?”

“ಅಜ್ಜೀ, ಏನಾದ್ರೂ ಮಾಡಿ. ನನಗೆ ಅವನ ಕೈ ಹೋಗ್ಲಿ ಅಂತಿರ್ಲಿಲ್ಲ. ಅವನಿಗೆ ಒಂಚೂರು ಹೊಟ್ಟೆ ಉರೀಲಿ ಅಂತ...”

“ಹೋದ ಕೈ ಬರಲ್ಲ. ಗೊಂಬೇದು ಕೈ ಕಿತ್ತು ಹಾಕು. ಇವತ್ತೇ ಹಾಕು. ಮುಂದೆ ಹೋಗೋದಾದ್ರೂ ನಿಲ್ಲುತ್ತೆ.”

ಮನೆಗೆ ಬಂದು ಇಕ್ಕಳ ತೆಗೆದುಕೊಂಡ. ಹಲ್ಲಿನವನು ನಿಜವಾಗಿಯೂ ಹೆದರಿದ್ದ, ನಿಜವಾಗಿಯೂ ಪಶ್ಚಾತ್ತಾಪ ಪಟ್ಟಿದ್ದ. ಅದರಲ್ಲಿ ಅನುಮಾನವಿಲ್ಲ. ಗೊಂಬೆಯ ಕೈಯನ್ನು ಇಕ್ಕಳದ ಬಾಯಿಗೆ ಕೊಟ್ಟ. ಒಂದು ಸಲ ಒತ್ತಿದರೆ ಮುಗಿಯಿತು. ಆಗ ಕಿಟಕಿಯ ಬಿಸಿಲು ಆ ಪುಟ್ಟ ಹೆಬ್ಬೆರಳಿನ ಉಗುರಿನ ಮೇಲೆ ಬಿತ್ತು.

ಎಷ್ಟು ಚೆನ್ನಾಗಿದೆ! ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗಿದೆ ಎಂದು ಬ್ರಹ್ಮನೂ ಹೇಳಲಾರ. ಮೊದಲೇ ಒಂದೇ ಗೊಂಬೆ, ಈಗ ಪೂರ್ತಿಯಾದ ಗೊಂಬೆ. ಇದನ್ನು ತನ್ನ ಕೈಯಾರೆ ಮೋಟು ಮಾಡುವುದೇ? ಸಾಲ ತೀರಿಸೆಂದರೆ ತೀರಿಸುತ್ತಾನೆ, ಕಾಲಿಗೆ ಬೀಳೆಂದರೆ ಬೀಳುತ್ತಾನೆ, ಪೂರ್ತಿಯಾದ ಗೊಂಬೆಯನ್ನು ಮುರಿಯೆಂದರೆ ಸಂಗ್ರಹಕಾರನಿಂದ ಆಗದ ಮಾತು. ಇಕ್ಕಳ ಕೆಳಗಿಟ್ಟ. ತನಗೆ ತಾನೇ ವಕೀಲನಾದ. ಅಲ್ಲ, ಇನ್ನು ಯಾವುದನ್ನು ಕಂಡು ನಾನು ಉರಿಯಬೇಕು? ಷಡ್ಡಕನ ಬಳಿ ಇನ್ನೇನು ಉಳಿದಿದೆ? ನನ್ನ ಕಣ್ಣು ತಣ್ಣಗಿದ್ದರೆ ಇದೂ ತಣ್ಣಗಿರುತ್ತದೆ. ಹಾಗೆಂದುಕೊಂಡು ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ, ಹಳೇ ದವಡೆಗಳ ಅಚ್ಚು ತುಂಬಿದ್ದ ರಟ್ಟಿನ ಡಬ್ಬಿಯ ತಳದಲ್ಲಿ ಹೂತು, ಬೀರುವಿನ ಮೇಲಿಟ್ಟ. ಇದನ್ನು ಮುಟ್ಟಬೇಡವೆಂದು ಹೆಂಡತಿಗೆ ಹೇಳಿದ. ಯಾಕೆಂದು ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಬೇಕು?

ದಿನಗಳು ಕಳೆದವು. ಅವನ ಹೊಟ್ಟೆ ನಿಜಕ್ಕೂ ತಣ್ಣಗಾಗಿತ್ತು. ಷಡ್ಡಕನ ಅಂಗಡಿಗೆ ಬೀಗ ಬಿತ್ತು. ಮಾವನ ಮನೆಯ ನಲ್ಲಿ ಸೋರಿದಾಗ ಕರೆ ಬಂದದ್ದು ಹಲ್ಲಿನವನಿಗೆ. ಅವನು ಹೋಗಿ ಸರಿಮಾಡಿ ಕೊಟ್ಟ. ಯಾರೂ ಹೊಗಳಲಿಲ್ಲ, ಆದರೂ ಪರವಾಗಿಲ್ಲ ಎನಿಸಿತು.

ಒಂದು ಸಂಜೆ ಹಿಂದಿನ ಕೋಣೆಯ ಕೆಲಸ ಮುಗಿಸಿ ಬಂದರೆ ಬೀರುವಿನ ಮೇಲೆ ಡಬ್ಬಿಯಿಲ್ಲ. ದವಡೆಗಳೆಲ್ಲ ಮಂಚದ ಮೇಲೆ ಹರಡಿ ಹಲ್ಲು ಕಿರಿಯುತ್ತಿದ್ದವು.

“ಆ ದರ್ಜಿ ಗೊಂಬೇನ ಭಾವನಿಗೆ ಕೊಟ್ಟು ಬಂದೆ ಕಣ್ರೀ” ಎಂದಳು ಹೆಂಡತಿ. “ಬೈಬೇಡಿ. ಅಕ್ಕನ ಮುಖ ನೋಡಕ್ಕಾಗ್ಲಿಲ್ಲ. ಭಾವ ಊಟ ಬಿಟ್ಟಿದ್ದಾರಂತೆ, ಬರೀ ಆ ಖಾಲಿ ಜಾಗ ನೋಡ್ತಾ ಕೂತಿರ್ತಾರಂತೆ. ನೀವೇ ಕೊಟ್ಟು ಕಳ್ಸಿದ್ದು ಅಂದೆ. ಎಷ್ಟು ಖುಷಿಪಟ್ರು ಗೊತ್ತಾ? ಜೀವನದಲ್ಲಿ ಒಂದು ಸಲ ನೀವು ದೊಡ್ಡವರಾದ್ರಿ.”

ಅವನು ಚಪ್ಪಲಿ ಹಾಕಿಕೊಳ್ಳದೆ ಓಡಿದ.

ಬೀದಿಗೆ ಬೀದಿಯೇ ಕಪ್ಪಾಗುತ್ತಿತ್ತು. ಮಳೆ ಬರುವ ಮೊದಲಿನ ಗಾಳಿ. ಎಲ್ಲೋ ತಗಡು ಬಡಿಯುವ ಸದ್ದು. ಷಡ್ಡಕನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದೇ ದೀಪ, ಕಪಾಟಿನೊಳಗಿನದು. ಹನ್ನೆರಡನೆಯ ಜಾಗ ತುಂಬಿತ್ತು. ದರ್ಜಿ ಗಾಜಿನ ಹಿಂದೆ ನಿಂತು ಕತ್ತರಿ ಎತ್ತಿ ಹಿಡಿದಿದ್ದ. ಎದುರಿನ ಕುರ್ಚಿಯಲ್ಲಿ ಷಡ್ಡಕ. ಸೋತ ಕೈ ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿತ್ತು.

“ಬಾ ತಮ್ಮಾ. ನಿನ್ನ ಋಣ ಹೇಗೆ ತೀರಿಸ್ಲೋ.”

“ಅಣ್ಣಾ, ಅದನ್ನ ವಾಪಸ್ ಕೊಡಿ. ಈಗ್ಲೇ ಕೊಡಿ.”

“ಕೊಟ್ಟಿದ್ದನ್ನ ಕೇಳ್ತೀಯೇನೋ?” ಷಡ್ಡಕ ನಕ್ಕ. ಹಿಂದೆಯೇ ಓಡಿ ಬಂದ ಹಲ್ಲಿನವನ ಹೆಂಡತಿ ಬಾಗಿಲಲ್ಲಿ ನಿಂತು ನಾಚಿಕೆಯಿಂದ ತಲೆ ತಗ್ಗಿಸಿದಳು.

“ಬೀಗದ ಕೈ ಎಲ್ಲಿ, ಅಣ್ಣಾ? ಅದು ಒಳ್ಳೇದಲ್ಲ. ನಿಮ್ಮ ಕೈ ತೆಗೆದದ್ದು ಅದೇ. ನಾನೇ. ನನ್ನ ಹೊಟ್ಟೆಕಿಚ್ಚು!”

“ಏನೇನೋ ಮಾತಾಡ್ಬೇಡ. ಕೂತ್ಕೋ, ನೀರು ಕುಡಿ.”

ಅವನಿಗೆ ಕೂರಲು ಹೊತ್ತಿರಲಿಲ್ಲ. ಜೇಬಿನಲ್ಲಿ ಮೇಣ ಕೆತ್ತುವ ಕಡ್ಡಿ ಇತ್ತು. ಕಪಾಟಿನ ಪುಟ್ಟ ಬೀಗಕ್ಕೆ ಅದನ್ನು ತೂರಿಸಿದ. ಕತ್ತಲೆಯಲ್ಲೂ ಬೆರಳುಗಳಿಗೆ ದಾರಿ ಗೊತ್ತಿತ್ತು. ಎಡಗೈ ಬೀಗವನ್ನು ಎತ್ತಿ ಹಿಡಿಯಿತು, ಬಲಗೈ ಕಡ್ಡಿಯನ್ನು ತಿರುಗಿಸಿತು. ಒಂದು ಹಲ್ಲು ಸರಿಯಿತು. ಇನ್ನೊಂದು ಸರಿಯಿತು. ಇನ್ನೇನು.

ಹಿಂದೆ ಷಡ್ಡಕನ ನಗು ನಿಂತಿತ್ತು.

“ಎಷ್ಟು ಚುರುಕೋ ನಿನ್ನ ಕೈ” ಎಂದ ಷಡ್ಡಕ. ದನಿ ಬೇರೆಯಾಗಿತ್ತು. ಎಂದೂ ಕೇಳದ ದನಿ. “ಎರಡೂ. ಎರಡೂ ಹೇಗೆ ಆಡ್ತಾವೆ ನೋಡು. ಯಾವತ್ತೂ ನಾನು ಇನ್ನೊಬ್ರದನ್ನ ಕಂಡು ಆಸೆಪಟ್ಟೋನಲ್ಲ ಕಣೋ. ಆದ್ರೆ ಈಗ...”

ಹಲ್ಲಿನವನು ಗಾಜಿನಲ್ಲಿ ಷಡ್ಡಕನ ಕಣ್ಣುಗಳನ್ನು ಕಂಡ. ತುಂಬಿದ ಕಣ್ಣು. ಉರಿಯುವ ಕಣ್ಣು. ಇಷ್ಟು ವರ್ಷ ಅವನು ಕಾದದ್ದು ಇದೇ ನೋಟಕ್ಕೆ.

“ನೋಡ್ಬೇಡಿ ಅಣ್ಣಾ! ನನ್ನ ಕೈ ನೋಡ್ಬೇಡಿ! ಕಣ್ಣು ಮುಚ್ಕೊಳ್ಳಿ!”

ಕೂದಲು ಸುಟ್ಟ ನಾತ. ಗಾಜಿನಾಚೆ ಗೊಂಬೆಯ ತಲೆ ಅವನ ಕಡೆಗಿತ್ತು.

ಕಚ್.

ಕಡ್ಡಿ ನೆಲಕ್ಕೆ ಬಿತ್ತು. ಜೋತುಬಿದ್ದ ಬಲಗೈಯನ್ನು ಎತ್ತಿಕೊಳ್ಳಲು ಎಡಗೈಯನ್ನು ಚಾಚಿದ.

ಕಚ್.

ಎರಡೂ ಕೈಗಳು ಜೋತುಬಿದ್ದವು. ಷಡ್ಡಕ ಗಾಬರಿಯಿಂದ ಎದ್ದು ಬಂದು, ಉಳಿದ ಒಂದೇ ಕೈಯಿಂದ ಅವನನ್ನು ಹಿಡಿದುಕೊಂಡು, “ಏನಾಯ್ತೋ ತಮ್ಮಾ, ಏನಾಯ್ತೋ?” ಎಂದು ಕೇಳುತ್ತಲೇ ಇದ್ದ. ಹಲ್ಲಿನವನು ತನ್ನ ಭುಜ ಹಿಡಿದಿದ್ದ ಆ ಎಡಗೈಯನ್ನೇ, ಅದರ ಐದೂ ಬೆರಳುಗಳನ್ನೇ, ರೆಪ್ಪೆ ಬಡಿಯದೆ ನೋಡುತ್ತಿದ್ದ.